ಸಾಲದ ಪುಸ್ತಕ ಹಿಡಿದು ಕಾದಂಬರಿ ಬರೆದೆ: ನನ್ನ ಅನುಭವ

ಕುಡಿಯುವ ಅಪ್ಪ, ಸಹಿಸುವ ಅವ್ವ, ಬೆಳೆಯುವ ಹುಡುಗ. ‘ಇದನ್ನ ಎಷ್ಟು ಜನ ಬರೆದಾಯ್ತು, ಮತ್ಯಾಕೆ?’ ಅಂತ ಗೆಳೆಯರು ಕೇಳಿದ್ದರು. ಮನೆಯ ಸಾಲದ ಲೆಕ್ಕದ ಮೇಲೆ ಕಟ್ಟುತ್ತೇನೆ ಅಂದಾಗ ಮೈಸೂರಿನ ಹಿರಿಯರೊಬ್ಬರು ‘ಕಾದಂಬರಿನೋ, ಬಡ್ಡಿ ಪುಸ್ತಕನೋ?’ ಅಂತ ನಕ್ಕುಬಿಟ್ಟರು. ಮೊದಲ ಮುದ್ರಣದ 500 ಪ್ರತಿ ಈಗ ಖಾಲಿ. ಸ್ವಲ್ಪ ಜಂಬ ಪಡಬಹುದು, ಅಲ್ವಾ?

ಮೊದಲ ಕರಡು ದೊಡ್ಡವನಾದ ಮಗ ನೆನೆಸಿಕೊಳ್ಳುವ ಥರ ಇತ್ತು. ಎಲ್ಲ ಗೊತ್ತಿರುವವನ ದನಿ, ಪುಟಕ್ಕೊಂದು ಬುದ್ಧಿಮಾತು. ಆಮೇಲೆ ಪೂರ್ತಿ ಮಂಡ್ಯದ ಮಾತಿನಲ್ಲೇ ಬರೆದು ನೋಡಿದೆ. ಐವತ್ತು ಪುಟ ದಾಟುವಷ್ಟರಲ್ಲಿ ಹುಡುಗ ಕಾಣೆಯಾಗಿ ಬರೀ ಭಾಷೆ ಉಳಿಯಿತು. ಎರಡೂ ಅಟ್ಟ ಸೇರಿದವು.

ಕೈ ಹಿಡಿದದ್ದು ಅವ್ವನ ನೋಟ್‌ಬುಕ್. ಪ್ರತಿ ಅಧ್ಯಾಯಕ್ಕೂ ಅವಳ ಕೈಬರಹದ ಒಂದು ಬಾಬ್ತು: ಯೂರಿಯಾ, ಸ್ಕೂಲ್ ಫೀಸು, ಓಲೆ ಗಿರವಿ, ‘ಅಪ್ಪನ ಕೈಗೆ 50’. ಕಾಲ 1998ರಿಂದ 2004, ಹುಡುಗ ಐದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ. ಈ ವರ್ಷಗಳನ್ನು ಸುಮ್ನೆ ಆರಿಸಿದ್ದಲ್ಲ. ಕೆಆರ್‌ಎಸ್ ಅಣೆಕಟ್ಟು ತುಂಬುವುದು 124.80 ಅಡಿಗೆ, 2002-03ರ ಬರದಲ್ಲಿ ಅಲ್ಲಿಗೆ ಹೋಗಲೇ ಇಲ್ಲ, ಅದರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನಂಬಿ ಕಬ್ಬು ಹಾಕಿದ್ದವರ ಪಾಡು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಕುಡಿತ ಜಾಸ್ತಿಯಾಯಿತು ಅಂತ ನಾನು ಎಲ್ಲೂ ಬರೆದಿಲ್ಲ. ನೋಟ್‌ಬುಕ್ಕಿನಲ್ಲಿ 50 ಹೋಗಿ 100 ಆಗುತ್ತದೆ, ಅಷ್ಟೇ.

ಓದುಗರು ಹೆಚ್ಚು ಹೇಳುವುದು ಅಂಗಡಿಯ ದೃಶ್ಯ. ಹುಡುಗ ಅರ್ಧ ಕೇಜಿ ಬೇಳೆ ಕೇಳಿ ‘ಅವ್ವ ಬರ್ಕೊಳಿ ಅಂದ್ಲು’ ಅನ್ನುತ್ತಾನೆ. ಅಂಗಡಿಯವನು ಕಿವಿ ಮೇಲಿನ ಪೆನ್ನು ತೆಗೆಯುವುದೇ ಇಲ್ಲ. ಬೇಳೆ ಪೊಟ್ಟಣ ಕಟ್ಟುತ್ತಾನೆ, ಕೊಡದೆ ತಕ್ಕಡಿ ಪಕ್ಕ ಇಡುತ್ತಾನೆ. ‘ನಿಮ್ಮಪ್ಪನ್ಗೆ ಬರಕ್ ಹೇಳ್ಲಾ ಮಗ.’ ಈ ಅಧ್ಯಾಯ ಅಲ್ಲಿಗೇ ನಿಲ್ಲಿಸಿದೆ. ಕಡೇ ಅಧ್ಯಾಯದಲ್ಲಿ ಇದೇ ನೋಟ್‌ಬುಕ್ಕಿಗೆ ಏನು ಮಾಡಿದೆ ಅನ್ನೋದು ಮಾತ್ರ ಹೇಳಲ್ಲ, ಮುಂದಿನ ಪುಸ್ತಕಕ್ಕೂ ಬೇಕು.

ನಡುವೆ ತಂಗಿಯ ಕಣ್ಣಲ್ಲೂ ಒಂದಿಷ್ಟು ಬರೆದೆ. ಅವಳು ಅಣ್ಣನಿಗಿಂತ ಚುರುಕು, ಕಥೆಯನ್ನೇ ಕಿತ್ತುಕೊಂಡಳು. ತೆಗೆದು ಬೇರೆ ಕಥೆ ಮಾಡಿದೆ. ಸಂಭಾಷಣೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸೋದರತ್ತೆಗೆ ಕೇಳಿಸುತ್ತಿದ್ದೆ, ‘ಹಿಂಗೆ ಯಾರ್ಲಾ ಮಾತಾಡ್ತಾರೆ’ ಅಂದ ಸಾಲುಗಳೆಲ್ಲ ಹೋದವು.

ಇನ್ನು ದುಡ್ಡು. ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಹತ್ತಿರ ಹತ್ತಿರ ಒಂದು ವರ್ಷ ಇಟ್ಟುಕೊಂಡು, ಕೊನೆಗೆ 200 ಪ್ರತಿ ನೀವೇ ಕೊಳ್ಳಿ ಅಂದರು. ವಾಪಸ್ ತಗೊಂಡು ನಾನೇ ಹಾಕಿಸಿದೆ. ಡೆಮಿ ಸೈಜು, 200 ಚಿಲ್ಲರೆ ಪುಟ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ಕರಡು ತಿದ್ದುವುದಕ್ಕೇ ಐದಾರು ಸಾವಿರ ಹೆಚ್ಚಿಗೆ ಹೋಯಿತು. ಮುಖಪುಟ, ಡಿಟಿಪಿ (ಪುಟ ಜೋಡಣೆ), ಮುದ್ರಣ ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು. ಬೆಲೆ 220. ಅಂಗಡಿಗಳಿಗೆ 40 ಪರ್ಸೆಂಟ್ ಬಿಟ್ಟರೆ ಕೈಗೆ 132, ಅದೂ ಯಾವಾಗಲೋ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಪ್ರತಿ ನಾನೇ ಅಂಚೆಯಲ್ಲಿ ಕಳಿಸಿದೆ. ಅಸಲು ಬಂದು ಕೈಯಲ್ಲಿ ಹದಿನೈದು ಸಾವಿರ ಉಳಿದಿರಬಹುದು. ಎರಡನೇ ಮುದ್ರಣ 300 ಪ್ರತಿ ಸಾಕು ಅಂದುಕೊಂಡಿದ್ದೇನೆ, ಬೆಲೆ 250 ಮಾಡಲೇಬೇಕು.