ಈಜುಕೊಳಕ್ಕೆ ಮೊದಲು ಫಿಲ್ಟರ್, ಆಮೇಲೆ ಪಂಪು

ಗೋಕರ್ಣ, ಕುಮಟಾ ಕಡೆಯ ಹೋಮ್‌ಸ್ಟೇಗಳಲ್ಲಿ, ಶಿರಸಿಯ ತೋಟದ ಮನೆಗಳಲ್ಲಿ ಈಗ ಸಣ್ಣ ಈಜುಕೊಳ ಕಟ್ಟಿಸುವವರು ಜಾಸ್ತಿ. ಟೈಲ್ಸ್ ಆರಿಸಲು ಹತ್ತು ಅಂಗಡಿ ತಿರುಗುತ್ತಾರೆ. ಫಿಲ್ಟರ್ ಮಾತ್ರ ಅಂಗಡಿಯವರು ತೋರಿಸಿದ್ದನ್ನೇ ಹೊತ್ತು ತರುತ್ತಾರೆ. ಎಷ್ಟು ಕ್ಲೋರಿನ್ ಸುರಿದರೂ ನೀರು ತಿಳಿಯಾಗದೆ ಒದ್ದಾಡುವವರನ್ನು ಕಂಡು ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ಅಳತೆ. ಉದ್ದ, ಅಗಲ, ಸರಾಸರಿ ಆಳ ಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು 1000ದಿಂದ ಗುಣಿಸಿ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳ ಇದ್ದರೆ 40,000 ಲೀಟರ್.

2. ಫಿಲ್ಟರ್ ಗಾತ್ರ. ಎಲ್ಲರೂ ಎಡವುವುದು ಇಲ್ಲೇ. ಕೊಳದ ಅಷ್ಟೂ ನೀರು 6 ಗಂಟೆಯಲ್ಲಿ ಒಮ್ಮೆ ಫಿಲ್ಟರ್ ದಾಟಬೇಕು. ನಮ್ಮ ಲೆಕ್ಕಕ್ಕೆ ಗಂಟೆಗೆ ಸುಮಾರು 6,700 ಲೀಟರ್. ಮರಳಿನ ಫಿಲ್ಟರ್‌ನಲ್ಲಿ ಒಂದು ಚದರ ಮೀಟರ್ ಮರಳಿಗೆ ಗಂಟೆಗೆ 30,000 ಲೀಟರ್‌ಗಿಂತ ಜಾಸ್ತಿ ಬಿಡಬೇಡಿ. 500 ಮಿ.ಮೀ. ವ್ಯಾಸದ ಟ್ಯಾಂಕ್‌ನಲ್ಲಿ ಇದು 34,000 ದಾಟುತ್ತದೆ. 600ರದ್ದರಲ್ಲಿ 24,000ದ ಆಸುಪಾಸು. ಹಾಗಾಗಿ 600ರದ್ದೇ ತನ್ನಿ. ದುಡ್ಡು ಉಳಿಸಲು ಸಣ್ಣದು ತರಬೇಡಿ.

ಪಂಪು ಆರಿಸುವುದು ಇದಾದ ಮೇಲೆ. 'ಎರಡು ಎಚ್‌ಪಿ ಇರಲಿ, ಬೇಗ ಕ್ಲೀನ್ ಆಗ್ತದೆ' ಅನ್ನುವ ಮಾತು ನಂಬಬೇಡಿ. ನೀರು ರಭಸದಿಂದ ನುಗ್ಗಿದರೆ ಮರಳಿನಲ್ಲಿ ದಾರಿ ಕೊರೆದುಕೊಳ್ಳುತ್ತದೆ. ಕೊಳೆ ನಿಲ್ಲದೆ ಅದೇ ದಾರಿಯಲ್ಲಿ ಕೊಳಕ್ಕೆ ವಾಪಸ್ ಬರುತ್ತದೆ. ಪಂಪಿನ ಮೇಲೆ ದಪ್ಪಕ್ಕೆ ಬರೆದಿರುವ ಲೀಟರ್ ನೋಡಬೇಡಿ, ಅದು ಪೈಪಿನ ತಡೆಯೇ ಇಲ್ಲದಾಗ ಸಿಗುವ ಲೆಕ್ಕ. ಚಾರ್ಟ್ ಕೇಳಿ, 10 ಮೀಟರ್ ಹೆಡ್‌ನಲ್ಲಿ, ಅಂದರೆ 10 ಮೀಟರ್ ಮೇಲಕ್ಕೆ ನೀರೆತ್ತುವಷ್ಟು ತಡೆ ಇದ್ದಾಗ, ಗಂಟೆಗೆ ಎಷ್ಟು ನೀರು ಕೊಡುತ್ತದೆ ನೋಡಿ. 7,000 ಲೀಟರ್ ಬಂದರೆ ಸಾಕು.

3. ಯಾವ ಜಾತಿ. ನನ್ನ ಕೇಳಿದರೆ ಮರಳಿನದ್ದೇ. ಕಾರ್ಟ್ರಿಜ್, ಅಂದರೆ ಮಡಿಕೆ ಮಡಿಕೆಯ ಬಟ್ಟೆಯಂಥ ಫಿಲ್ಟರ್, ಇನ್ನೂ ಸಣ್ಣ ಕೊಳೆ ಹಿಡಿಯುತ್ತದೆ, ತೊಳೆಯಲು ನೀರೂ ಕಡಿಮೆ ಸಾಕು. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವ ಮನೆಗೆ, ಕೊಳ ಪುಟ್ಟದಿದ್ದರೆ, ಅದೂ ಆಗಬಹುದು. ಆದರೆ ಮಳೆಗಾಲದ ಕೆಂಪು ಮಣ್ಣಿಗೆ ಬೇಗ ಕಟ್ಟಿಕೊಳ್ಳುತ್ತದೆ, ಮತ್ತೆ ಮತ್ತೆ ಬಿಚ್ಚಿ ತೊಳೆಯಬೇಕು. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪಿನ ಪುಡಿ ಹಾಕುವ ಫಿಲ್ಟರ್ ನೀರನ್ನು ಎಲ್ಲಕ್ಕಿಂತ ತಿಳಿ ಮಾಡುತ್ತದೆ. ಆದರೆ ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮನೆಗೆ ಬೇಡ.

ಕಡಲ ದಂಡೆಯ ಮರಳು ಪುಕ್ಕಟೆ ಅಂತ ಅದನ್ನು ತುಂಬಬೇಡಿ. ಚಿಪ್ಪಿನ ಚೂರು, ಉಪ್ಪು, ಪುಡಿ ಎಲ್ಲ ಇರುತ್ತದೆ. ಒಂದು ಮನೆಯಲ್ಲಿ ಹಾಗೆ ಮಾಡಿದ್ದರು. ನೀರು ಬರುವ ತೂತಿನ ಕೆಳಗೆ, ನೀಲಿ ಟೈಲ್ಸ್ ಮೇಲೆ, ಬೆಳಗಾಗುವಷ್ಟರಲ್ಲಿ ಇರುವೆ ಗೂಡಿನ ಹಾಗೆ ಮರಳ ಗುಪ್ಪೆ. 0.5ರಿಂದ 1 ಮಿ.ಮೀ. ಕಾಳಿನ, ಜರಡಿ ಹಿಡಿದ ಸಿಲಿಕಾ ಮರಳೇ ಬೇಕು.

ಟ್ಯಾಂಕ್ ಫೈಬರ್‌ನದ್ದಿರಲಿ. ಕಾರವಾರದ ಉಪ್ಪು ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ಶಿರಸಿಯವರು ನೀರಿನ ಮೇಲೆ ತೇಲುವ ದರಕು (ಒಣ ಎಲೆ) ಹಿಡಿಯುವ ಸ್ಕಿಮ್ಮರ್ ಬುಟ್ಟಿ ದೊಡ್ಡದು ಹಾಕಿಸಿ.

4. ನೀರಿನ ಪರೀಕ್ಷೆ. ಬಿಳಿ ಬಕೆಟ್‌ನಲ್ಲಿ ಬಾವಿ ನೀರು ಹಿಡಿದು, ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣದ ಅಂಶ ಇದೆ ಎಂದರ್ಥ. ಅಂಥ ನೀರು ತುಂಬಿಸಿದ ಮೊದಲ ದಿನಗಳಲ್ಲಿ ಫಿಲ್ಟರ್ ಪದೇ ಪದೇ ತೊಳೆಯಬೇಕಾಗುತ್ತದೆ.

5. ಬ್ಯಾಕ್‌ವಾಶ್, ಅಂದರೆ ಮರಳಿನಲ್ಲಿ ನೀರನ್ನು ಉಲ್ಟಾ ಹರಿಸಿ ಕೊಳೆ ಹೊರಹಾಕುವುದು. ಹೊಸ ಮರಳು ಹಾಕಿ ತೊಳೆದ ದಿನ ಪ್ರೆಶರ್ ಗೇಜ್ ಎಷ್ಟಿದೆ ಅಂತ ಟ್ಯಾಂಕ್ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ. ಅದಕ್ಕಿಂತ ಅರ್ಧ ಬಾರ್ ಏರಿದಾಗ ಬ್ಯಾಕ್‌ವಾಶ್ ಮಾಡಿ. ಮೂರು ನಿಮಿಷಕ್ಕೆ ಮುನ್ನೂರು ಲೀಟರ್ ದಾಟಿ ನೀರು ಹೋಗುತ್ತದೆ. ಅದು ಬಾವಿಯಿಂದ ದೂರದ ಇಂಗುಗುಂಡಿಗೆ ಹೋಗಲಿ. ವಾಲ್ವ್ ಹಿಡಿಕೆ ತಿರುಗಿಸುವ ಮುಂಚೆ ಪಂಪು ಆಫ್ ಮಾಡಲೇಬೇಕು. ಓಡುತ್ತಿರುವಾಗ ತಿರುಗಿಸಿದರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಕಿತ್ತು ಬರುತ್ತದೆ. ಆಮೇಲೆ ಸುಮ್ನೆ ಫಿಲ್ಟರ್ ಓಡಿಸುವಾಗಲೂ ಕೊಳದ ನೀರು ಹೊರಗೆ ಹರಿದು ಹೋಗುತ್ತಿರುತ್ತದೆ.