ಮೊದಲ ಮಹಾಯುದ್ಧದ ಪೈಲಟ್ ಒಬ್ಬರ ಸೇವಾ ದಾಖಲೆ ಹುಡುಕುವುದು ಹೇಗೆ?

ಮೊದಲು ಒಂದು ತಾರೀಖು ತಲೆಯಲ್ಲಿಟ್ಟುಕೊಳ್ಳಿ: 1918ರ ಏಪ್ರಿಲ್ 1. ಅವತ್ತು ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಮತ್ತು ನೌಕಾಪಡೆಯ ವಿಮಾನ ದಳ ಸೇರಿ ರಾಯಲ್ ಏರ್ ಫೋರ್ಸ್ ಆಯಿತು. ಆಮೇಲೂ ಸೇವೆಯಲ್ಲಿದ್ದ ಅಧಿಕಾರಿಯಾದರೆ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ (ಬ್ರಿಟನ್ನಿನ ಸರ್ಕಾರಿ ದಾಖಲೆಗಳ ಸಂಗ್ರಹ) 'ಏರ್ 76' (AIR 76) ಎಂಬ ಕಡತ ಸರಣಿಯಲ್ಲಿ ಹೆಸರು ಹಾಕಿ ನೋಡಿ.

ಆ ಯುದ್ಧದಲ್ಲಿ ಬ್ರಿಟನ್ ಪರ ಹಾರಿದ ಭಾರತೀಯ ಪೈಲಟ್ ಇಂದ್ರಲಾಲ್ ರಾಯ್ ಅವರನ್ನೇ ತಗೊಳ್ಳಿ. ಹುಟ್ಟಿದ್ದು ಕಲ್ಕತ್ತಾದಲ್ಲಿ, 1898ರಲ್ಲಿ. 1917ರ ಡಿಸೆಂಬರ್‌ನಲ್ಲಿ ವಿಮಾನ ಬಿದ್ದು ಗಾಯ, ಆಮೇಲೆ ತಿಂಗಳುಗಟ್ಟಲೆ ಯುದ್ಧಭೂಮಿಯಿಂದ ದೂರ, 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್ (ವಿಮಾನ ತುಕಡಿ), ಜುಲೈ 6ರಿಂದ 19ರೊಳಗೆ 10 ಗೆಲುವು, ಜುಲೈ 22ರಂದು ಸಾವು. ಇಂಥ ಖಾಲಿ ತಿಂಗಳು ಕಂಡರೆ ದಾಖಲೆ ಕಳೆದಿದೆ ಅಂದುಕೊಳ್ಳಬೇಡಿ, ಗಾಯ ಅಥವಾ ಕಾಯಿಲೆಯ ನಮೂದು ಹುಡುಕಿ.

'ಗೆಲುವು' ಅಂದರೆ ಪುಡಿಯಾದ ವಿಮಾನ ಅಂತಲೇ ಅಲ್ಲ. ಹತೋಟಿ ತಪ್ಪಿ ಕೆಳಗಿಳಿದದ್ದು, ಇಬ್ಬರು ಸೇರಿ ಹೊಡೆದದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತಿತ್ತು. ಅದಕ್ಕೇ ನ್ಯಾಷನಲ್ ಆರ್ಕೈವ್ಸ್‌ನದೇ ಇನ್ನೊಂದು ಸರಣಿ 'ಏರ್ 1'ರಲ್ಲಿರುವ ಕಾದಾಟದ ವರದಿಗಳನ್ನು ಓದಲೇಬೇಕು. ನನಗಂತೂ ಪದಕಗಳಿಗಿಂತ ಇವೇ ಜಾಸ್ತಿ ಇಷ್ಟ. ಪದಕದ ವಿವರ ಬೇಕಾದರೆ ಬ್ರಿಟನ್ನಿನ ಸರ್ಕಾರಿ ಪತ್ರಿಕೆ ಲಂಡನ್ ಗೆಜೆಟ್, ಸಮಾಧಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿ. ರಾಯ್ ಸಮಾಧಿ ಫ್ರಾನ್ಸಿನ ಎಸ್ತೆವೆಲ್‌ನಲ್ಲಿದೆ.