ಜೆಲ್ಲಿ ಪ್ಯಾಕೆಟ್ ಹಿಂದಿನ ನಂಬರ್ ಓದೋದು ಹೇಗೆ?

ರಂಜಾನ್ ಬಂತಂದ್ರೆ ನಮ್ಮ ಕರಾವಳಿ ಕಡೆ ಇಫ್ತಾರಿಗೆ ಪುಡ್ಡಿಂಗ್ ಬೇಕೇ ಬೇಕು, ಗಲ್ಫಿಂದ ಬಂದ ಮಾರ್ಷ್‌ಮೆಲೋ ಬೇರೆ. ಆಗಲೇ ವಾಟ್ಸಾಪಲ್ಲಿ "ಈ ನಂಬರ್ ಇದ್ರೆ ಹರಾಮ್" ಅಂತ ಉದ್ದದ ಲಿಸ್ಟೂ ಬರ್ತದೆ. ನನಗೆ ಕಂಡ ಹಾಗೆ ಅದ್ರಲ್ಲಿ ಅರ್ಧ ಸುಮ್ನೆ ಹೆದರಿಸ್ಲಿಕ್ಕೆ. ನೀವೇ ಓದಿ, ಕಷ್ಟ ಏನಿಲ್ಲ.

ಮೊದಲು ಥಿಕನರ್ (ಗಟ್ಟಿ ಮಾಡೋದು), ಸ್ಟೆಬಿಲೈಸರ್ (ಬೇರ್ಪಡದ ಹಾಗೆ ಹಿಡಿದಿಡೋದು) ಅಂತ ಬರೆದಿರೋ ಸಾಲು ಹುಡುಕಿ, ಅಲ್ಲಿರೋ ಒಂದೊಂದು ನಂಬರೂ ಸೇರಿಸಿದ ಒಂದೊಂದು ಪದಾರ್ಥದ ಗುರುತು. 406 ಅಂದ್ರೆ ಅಗರ್ ಅಗರ್, ನಮ್ಮ ಚೈನಾ ಗ್ರಾಸೇ, ಕಡಲ ಪಾಚಿಯದ್ದು, 407 ಕೂಡ ಪಾಚಿಯದ್ದೇ. 412 ಗೌರ್ ಗಮ್, ಗೋರಿಕಾಯಿ ಬೀಜದ ಪುಡಿ. 440 ಪೆಕ್ಟಿನ್, ಹಣ್ಣಿನ ಸಿಪ್ಪೆಯದ್ದು. ಇವಕ್ಕೆ ತಕರಾರಿಲ್ಲ. 415 ಕ್ಸಾಂಥನ್ ಗಮ್ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಮಾಡೋ ಅಂಟು, ಅದನ್ನ ಬೇರೆ ಮಾಡ್ಲಿಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕ್ತಾರೆ ಅಂತ ಕೆಲವರಿಗೆ ಅನುಮಾನ, ಆದ್ರೆ ಅದು ಕುಡಿಯೋ ಮದ್ಯ ಅಲ್ಲ, ಹಲಾಲ್ ಸರ್ಟಿಫಿಕೇಟ್ ಇರೋ ಕ್ಸಾಂಥನ್ ಗಮ್ಮೇ ಧಾರಾಳ ಸಿಗ್ತದೆ.

ನಿಜವಾದ ತಲೆನೋವು ಜೆಲಟಿನ್. 428 ಅಥವಾ 441 ಅಂತ ಇದ್ರೂ ಅದೇ. ಹಂದಿ ಅಥವಾ ದನದ ಚರ್ಮ, ಮೂಳೆ ಬೇಯಿಸಿ ತೆಗೀತಾರೆ. ಹಂದಿಯದ್ದು ಬೇಡ, ಮೀನಿನದ್ದಾದ್ರೆ ತೊಂದರೆ ಇಲ್ಲ, ದನದ್ದಾದ್ರೆ ಜಬಹ್ ಮಾಡಿದ್ದಾ (ಇಸ್ಲಾಮಿನ ಕ್ರಮದಲ್ಲಿ ಕೊಯ್ದದ್ದಾ) ಅನ್ನೋ ಪ್ರಶ್ನೆ ಉಂಟು, ಬರೀ "ಬೋವೈನ್" (ದನದ್ದು) ಅಂತ ಬರೆದ್ರೆ ಅದು ಗೊತ್ತಾಗೋದಿಲ್ಲ. ವಸ್ತು ಪೂರ್ತಿ ಬದಲಾದ್ರೆ ಹುಕುಮೂ (ಧರ್ಮದ ತೀರ್ಪೂ) ಬದಲಾಗ್ತದೆ, ಮದ್ಯ ತಾನಾಗಿ ವಿನೆಗರ್ ಆದ ಹಾಗೆ, ಇದಕ್ಕೆ ಇಸ್ತಿಹಾಲಾ ಅಂತಾರೆ. ಹನಫಿ ಮಜ್‌ಹಬಿನ (ಇಸ್ಲಾಮಿ ಕಾನೂನಿನ ಒಂದು ಪಂಥದ) ಉಲಮಾಗಳು, ಅಂದ್ರೆ ಧರ್ಮ ವಿದ್ವಾಂಸರು, ಈ ತತ್ವ ಒಪ್ತಾರೆ, ಆದ್ರೆ ಜೆಲಟಿನ್ ಅಷ್ಟು ಬದಲಾಗಿದ್ಯಾ ಅನ್ನೋದ್ರಲ್ಲಿ ಅವರಲ್ಲೇ ಒಮ್ಮತ ಇಲ್ಲ. ಶಾಫಿ ಮಜ್‌ಹಬ್ ಇನ್ನೂ ಬಿಗಿ, ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಗಳೇ. ಹಾಗಾಗಿ ಲಿಸ್ಟ್ ಬಿಟ್ಟು ನಿಮ್ಮ ಉಸ್ತಾದರನ್ನ ಕೇಳಿ.

ಆಮೇಲೆ ಚುಕ್ಕೆ ನೋಡಿ. ನಮ್ಮ ದೇಶದ ಪ್ಯಾಕೆಟಲ್ಲಿ ಹಸಿರು ಚುಕ್ಕೆ ಇದ್ರೆ ಜೆಲಟಿನ್ ಇರಬಾರದು, 471 ಇದ್ರೂ ಪ್ರಾಣಿ ಕೊಬ್ಬಿನದ್ದಾಗಿರಬಾರದು (471 ಥಿಕನರ್ ಅಲ್ಲ, ಎಣ್ಣೆ ನೀರು ಬೆರೆಸ್ಲಿಕ್ಕೆ ಕೊಬ್ಬಿಂದ ಮಾಡೋ ಎಮಲ್ಸಿಫೈಯರ್, ಪಕ್ಕದಲ್ಲೇ ಕೂತಿರ್ತದೆ ಅಷ್ಟೆ). ಆದ್ರೆ ಎಸೆನ್ಸಲ್ಲಿರೋ ಆಲ್ಕೋಹಾಲ್ ಬಗ್ಗೆ ಆ ಚುಕ್ಕೆ ಏನೂ ಹೇಳೋದಿಲ್ಲ. ಸೂಟ್‌ಕೇಸಲ್ಲಿ ಬಂದ ಮಾಲಿಗೆ ಚುಕ್ಕೆ ಇರೋದಿಲ್ಲ, ಹಲಾಲ್ ಗುರುತು ನೋಡಿ, ಇಲ್ದಿದ್ರೆ ಕಂಪನಿಗೆ ಒಂದು ಮೇಲ್ ಹಾಕಿ.

ಇಷ್ಟೆಲ್ಲ ಬೇಡ ಅಂದ್ರೆ 10 ಗ್ರಾಂ ಚೈನಾ ಗ್ರಾಸ್ ನೆನೆಸಿ, ನೀರಲ್ಲಿ ಪೂರ್ತಿ ಕರಗೋವರೆಗೆ ಕುದಿಸಿ, 1 ಲೀಟರ್ ಬಿಸಿ ಹಾಲಿಗೆ ಸೋಸಿ ಹಾಕಿ. ಹಾಲು ತಣ್ಣಗಿದ್ರೆ ಗಂಟು ಕಟ್ತದೆ. ಕರೆಂಟ್ ಹೋಗಿ ಫ್ರಿಜ್ ನಿಂತ್ರೂ ಈ ಪುಡ್ಡಿಂಗ್ ಕರಗೋದಿಲ್ಲ, ಜೆಲಟಿನ್‌ದಾದ್ರೆ ನಮ್ಮ ಸೆಖೆಗೆ ನೀರಾಗ್ತದೆ.